ಕೆಂಪು ಕಾರಿನ ಹೆಡ್‌ಲೈಟ್ ರಿಂಗು ಬದಲಿಸಿದ ದಿನ

ನನ್ನ ಗಂಡನ ಬಲಗೈ ನಡುಗಲು ಶುರುವಾಗಿ ಆಗ ಐದು ತಿಂಗಳಾಗಿತ್ತು. ನಮ್ಮಿಬ್ಬರನ್ನು ಬಿಟ್ಟು ಅದು ಯಾರಿಗೂ ಗೊತ್ತಿರಲಿಲ್ಲ.

ರಾಯಬಾಗದ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ನಮ್ಮದೊಂದು ಸಣ್ಣ ಅಂಗಡಿ. ಗಾಡಿಗಳ ವೈರಿಂಗು, ದೀಪ, ಹಾರ್ನು ರಿಪೇರಿ ಮಾಡುವುದು ನಮ್ಮ ಕಸುಬು. ಒಳಗೆ ಕೌಂಟರಿನಲ್ಲಿ ಬಲ್ಬು, ಫ್ಯೂಸು ಮಾರುವುದು ನಾನು. ಹೊರಗೆ ತಗಡಿನ ನೆರಳಲ್ಲಿ ಕೆಲಸ ಮಾಡುವುದು ಅವರು. ಕಬ್ಬಿನ ಹಂಗಾಮು ಮುಗಿದು ಟ್ರ್ಯಾಕ್ಟರುಗಳ ಸಾಲು ಕರಗಿದ ಮೇಲೆ ಒಂದು ಬೆಳಿಗ್ಗೆ ಅವರು ಚಹಾದ ಬಸಿ ಎತ್ತಿದರು. ಅರ್ಧ ಚಹಾ ಅಂಗಿಯ ಮೇಲೆ ಬಿತ್ತು. ಇಬ್ಬರೂ ನಕ್ಕೆವು. ಮರುದಿನವೂ ಚೆಲ್ಲಿತು. ಆಮೇಲೆ ನಗಲಿಲ್ಲ.

ಅವರು ಜನ್ಮದಲ್ಲಿ ಒಂದು ಹನಿ ಕುಡಿದವರಲ್ಲ. ಆದರೆ ಕೈ ನಡುಗುವ ಮಿಸ್ತ್ರಿಯನ್ನು ಕಂಡರೆ ಊರಿನವರು ಮೊದಲು ಯೋಚಿಸುವುದು ಅದನ್ನೇ. ಒಬ್ಬ ಡ್ರೈವರ್ ತಮಾಷೆಗೆ, “ಏನ್ ಮಿಸ್ತ್ರಿ, ನಿನ್ನೆ ಸ್ವಲ್ಪ ಜಾಸ್ತಿ ಆತೇನ?” ಎಂದು ಕೇಳಿದ. ಇವರು ಹಲ್ಲು ಕಿರಿದರು. ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯಲೇ ಇಲ್ಲ. ಅಂದಿನಿಂದ ನಾವೊಂದು ಉಪಾಯ ಮಾಡಿಕೊಂಡೆವು. ದೊಡ್ಡ ಕೆಲಸ ಅವರದು. ಸಣ್ಣ ಸ್ಕ್ರೂ, ಕೂದಲಿನಂಥ ವೈರುಗಳನ್ನು ಅವರು ಒಳಗೆ ತಂದು ಕೌಂಟರಿನ ಹಿಂದೆ ಇಡುತ್ತಿದ್ದರು. ಗಿರಾಕಿಗಳಿಗೆ ಕಾಣದಂತೆ ನಾನು ಜೋಡಿಸಿ ಕೊಡುತ್ತಿದ್ದೆ. ಹೀಗೆ ಕಳ್ಳರ ಹಾಗೆ ಕೆಲಸ ಕಲಿತವಳು ನಾನು. ಯಾರಾದರೂ ಕೌಂಟರಿನ ಮೇಲೆ ಬಗ್ಗಿದರೆ ಸಾಕು, ಕೈಯಲ್ಲಿದ್ದುದನ್ನು ಸೆರಗಿನ ಕೆಳಗೆ ಮುಚ್ಚಿಬಿಡುತ್ತಿದ್ದೆ.

ಹಾಗಿರುವಾಗ ಒಂದು ಮಧ್ಯಾಹ್ನ ಆ ಕೆಂಪು ಕಾರು ಬಂದು ನಿಂತಿತು.

ಅದು ಜುಗೂಳದ ಒಬ್ಬ ಜೈನ ರೈತರದು. ಅರವತ್ತು ದಾಟಿದವರು, ನಾವು ಅವರನ್ನು ಕಾಕಾ ಅನ್ನುತ್ತಿದ್ದೆವು. ಎರಡೇ ಸೀಟಿನ, ಮೇಲ್ಛಾವಣಿ ಇಲ್ಲದ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡನೆಯ ಹಳೆಯ ವಿದೇಶಿ ಕಾರು. ಕೊಲ್ಲಾಪುರದಲ್ಲಿ ಯಾರೋ ಮೂಲೆಗೆ ತಳ್ಳಿದ್ದನ್ನು ಅವರು ತಂದು ವರ್ಷಗಟ್ಟಲೆ ಜೀವ ತುಂಬಿದ್ದರು. ಅವರ ಮನೆಯಲ್ಲಿ ಮೊಮ್ಮಕ್ಕಳಿಗೂ ಆ ಕಾರನ್ನು ಮುಟ್ಟುವ ಅಧಿಕಾರವಿರಲಿಲ್ಲವಂತೆ. ಹೋದ ತಿಂಗಳಷ್ಟೇ ಹೊಸ ಬಣ್ಣ ಹೊಡೆಸಿದ್ದರು. ಕಾರಿನಿಂದ ಇಳಿದವರು ಮೊದಲು ಬಾನೆಟ್ಟಿನ ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಆಮೇಲೆ ನಮ್ಮ ಕಡೆ ನೋಡಿದರು.

ಅವರ ಕೈಯಲ್ಲೊಂದು ರಟ್ಟಿನ ಡಬ್ಬಿ. ಒಳಗೆ ಕಾಗದದಲ್ಲಿ ಸುತ್ತಿದ ಎರಡು ಹೊಳೆಯುವ ರಿಂಗುಗಳು. ಹೆಡ್‌ಲೈಟಿನ ಗಾಜಿನ ಸುತ್ತ ಕೂರುವಂಥವು.

“ಮಿಸ್ತ್ರಿ, ಹಳೇವು ತುಕ್ಕ ಹಿಡದಾವು. ಅವನ್ನ ತಗದು ಇವನ್ನ ಕೂಡಸಬೇಕು. ಹೊರದೇಶದಿಂದ ತರಸೇನಿ, ಮೂರು ತಿಂಗಳ ಹಾದಿ ಕಾದೇನಿ. ಮನ್ಯಾಗ ನಾನ ತಗ್ಯಾಕ ಹೋಗಿದ್ದೆ, ಧೈರ್ಯ ಆಗಲಿಲ್ಲ. ಹೊಸಾ ಬಣ್ಣ ಐತಿ ನೋಡ್ರಿ. ಒಂದ ಗೀರ ಬಿದ್ರೂ ನನ್ನ ಮೈಮ್ಯಾಲ ಬಿದ್ದಂಗ.”

“ಮಾಡೂಣಲ್ರಿ ಕಾಕಾ,” ಎಂದರು ಇವರು.

ಸ್ಕ್ರೂಡ್ರೈವರ್ ತರುವ ನೆಪದಲ್ಲಿ ಇವರು ಒಳಗೆ ಬಂದಾಗ ನಾನು ತೋಳು ಹಿಡಿದೆ. “ಆಗೂದಿಲ್ಲ ಅಂತ ಹೇಳ್ರಿ. ಕೊಲ್ಲಾಪುರಕ್ಕ ಒಯ್ಯಲಿ.”

“ಇಪ್ಪತ್ತ ವರ್ಷದಿಂದ ನನ್ನ ಕಡೇನ ಬರಾಕತ್ತಾರ. ಏನಂತ ಹೇಳಲಿ?”

“ಖರೇ ಹೇಳ್ರಿ.”

ಅವರು ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದರು.

ನಾನು ಕೌಂಟರ್ ಬಿಟ್ಟು ಬಾಗಿಲಲ್ಲಿ ನಿಂತೆ. ಅವರು ಎಡಗಡೆಯ ದೀಪದ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಮೊಣಕೈಯನ್ನು ತೊಡೆಗೆ ಒತ್ತಿ ಹಿಡಿದು, ಸ್ಕ್ರೂಡ್ರೈವರಿನ ತುದಿಯನ್ನು ರಿಂಗಿನ ಕೆಳಗಂಚಿಗೆ ತಂದರು. ಟಿಕ್, ಟಿಕ್, ಟಿಕ್ ಎಂದು ಕಬ್ಬಿಣ ರಿಂಗಿಗೆ ಬಡಿಯತೊಡಗಿತು. ಅಷ್ಟು ಸಣ್ಣ ಸದ್ದು ರಸ್ತೆಯ ಗದ್ದಲದಲ್ಲೂ ನನಗೆ ಕೇಳಿಸುತ್ತಿತ್ತು. ಕಾಕಾ ಬಗ್ಗಿ ನೋಡಿದರು.

“ಯಾಕ ಮಿಸ್ತ್ರಿ, ಆರಾಮ ಇಲ್ಲೇನ?”

“ಏನಿಲ್ರಿ. ಸ್ವಲ್ಪ ಜ್ವರ ಬಂದಂಗ ಆಗೈತಿ.”

ಮದುವೆಯಾದ ಮೇಲೆ ಅವರು ಗಿರಾಕಿಗೆ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಕಾಕಾರಿಗೆ ಫೋನು ಬಂತು. ಅವರ ಅಕ್ಕನ ಮನೆ ಹಿಂದಿನ ಓಣಿಯಲ್ಲೇ ಇತ್ತು. ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ ಅವರು, ಸಂಜೆಯ ಊಟ ಬೇಗನೇ. “ಅಕ್ಕ ಊಟಕ್ಕ ಕರ್‍ಯಾಕತ್ತಾಳ. ಹೋಗಿ ಬರ್ತೀನಿ. ಗಡಬಡಿ ಮಾಡಬ್ಯಾಡ್ರಿ,” ಎಂದು ಹೋದರು. ತಿರುವಿನಲ್ಲಿ ಒಮ್ಮೆ ನಿಂತು, ಕಾರಿನ ಕಡೆ ನೋಡಿ, ಮುಂದೆ ನಡೆದರು.

ಇವರು ಸ್ಕ್ರೂಡ್ರೈವರನ್ನು ನನ್ನ ಕಡೆ ಚಾಚಿದರು.

ಸೆರಗು ಸಿಕ್ಕಿಸಿ ರಸ್ತೆಗೆ ಬೆನ್ನು ಮಾಡಿ ಕುಳಿತೆ. ಅಂಗಡಿಯ ಹೊರಗೆ, ಎಲ್ಲರ ಕಣ್ಣೆದುರು ಕೆಲಸಕ್ಕೆ ಕುಳಿತದ್ದು ಅದೇ ಮೊದಲು. ಅವರು ಪಕ್ಕದಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಹೇಳುತ್ತಾ ಹೋದರು. “ಮ್ಯಾಲಿನ ಅಂಚು ಕೊಕ್ಕಿ ಹಂಗ ಸಿಕ್ಕೊಂಡಿರತೈತಿ. ಕೆಳಗ ಸ್ಪ್ರಿಂಗ್ ಹಿಡದಿರತೈತಿ. ಕೆಳಗಿಂದ ಬಿಡಸಬೇಕು. ಬಣ್ಣದ ಮ್ಯಾಲ ಬಟ್ಟಿ ಇಡು. ಎಬ್ಬಸಬ್ಯಾಡ, ಸ್ಕ್ರೂಡ್ರೈವರ್ ಸ್ವಲ್ಪ ತಿರುವು, ಅಷ್ಟ.”

ತಿರುವಿದೆ. ಅಲುಗಲಿಲ್ಲ. ತುಕ್ಕು ಕಚ್ಚಿತ್ತು. ಸಂದಿಗೆ ಎಣ್ಣೆ ಬಿಟ್ಟು, ಕಾದು, ಮತ್ತೆ ತಿರುವಿದೆ. ಟಪ್ಪೆಂದು ಸ್ಪ್ರಿಂಗು ಬಿಟ್ಟುಕೊಂಡಿತು. ನಾನು ಹೆದರಿ ಹಿಂದಕ್ಕೆ ಕುಸಿದೆ. ರಿಂಗು ಕೈಗೆ ಬಂದಿತ್ತು. ಒಳಗೆ ಒಣಗಿದ ಕೆಸರು, ಒಂದು ಕಣಜದ ಗೂಡು. ಹಳೆಯ ಬ್ರಶ್ಶಿನಿಂದ ಉಜ್ಜಿ ತೆಗೆದೆ.

“ಆ ಎರಡು ಸ್ಕ್ರೂ ಮುಟ್ಟಬ್ಯಾಡ,” ಎಂದು ಅವರು ಅವಸರದಿಂದ ಹೇಳಿದರು. “ಅವನ್ನ ತಿರುವಿದ್ರ ದೀಪದ ಬೆಳಕ ಸೊಟ್ಟ ಬೀಳ್ತೈತಿ.”

ಹೊಸ ರಿಂಗಿನ ಮೇಲಂಚನ್ನು ಸಿಕ್ಕಿಸಿ, ಕೆಳಗೆ ಅಂಗೈಯಿಂದ ಒತ್ತಿದೆ. ಕೂತಿತು. ಆದರೆ ಎದ್ದು ದೂರ ನಿಂತು ನೋಡಿದರೆ ಒಂದು ಕಡೆ ಎರಡು ದಾರದಷ್ಟು ಸಂದಿ. ಮೇಲಿನ ಕೊಕ್ಕಿ ಸರಿಯಾಗಿ ಬಿದ್ದಿರಲಿಲ್ಲ. ಮತ್ತೆ ತೆಗೆಯಬೇಕು. ಸೂರ್ಯ ಎದುರಿನ ಅಂಗಡಿಯ ಮಾಳಿಗೆಗೆ ಇಳಿದಿದ್ದ. ಕಾಕಾ ಈಗಲೋ ಆಗಲೋ ಬರುತ್ತಾರೆ ಎಂದು ಅವಸರ ಮಾಡಿದೆ. ಬಟ್ಟೆ ಜಾರಿದ್ದು ಗೊತ್ತಾಗಲಿಲ್ಲ. ಸ್ಕ್ರೂಡ್ರೈವರ್ ಸರ್ರನೆ ಜಾರಿತು.

ದೀಪದ ಕೆಳಗೆ, ಕೆಂಪು ಬಣ್ಣದ ಮೇಲೆ, ಜೀರಿಗೆ ಕಾಳಿನಷ್ಟು ಬಿಳಿ ಗೀರು.

ಬೆರಳಿಗೆ ಎಂಜಲು ಹಚ್ಚಿ ಒರೆಸಿದೆ. ಹೋಗಲಿಲ್ಲ. ಸೆರಗಿನಿಂದ ಉಜ್ಜಿದೆ. ಹೋಗಲಿಲ್ಲ. “ಏನ್ ಮಾಡ್ಲಿರಿ?” ಎಂದೆ. ಅವರು ಗೀರನ್ನೇ ನೋಡುತ್ತಿದ್ದರು. “ಮೊದಲ ರಿಂಗ್ ಸರಿ ಕೂಡಸು,” ಎಂದರು ಕೊನೆಗೆ. ರಿಂಗಿನ ಒಳಗಿನ ಗಟ್ಟಿ ರಬ್ಬರಿಗೆ ಕೊಬ್ಬರಿ ಎಣ್ಣೆ ಸವರಿ, ಕೊಕ್ಕಿಯನ್ನು ಬೆರಳಿಂದ ಮುಟ್ಟಿ ನೋಡಿ, ಮತ್ತೆ ಒತ್ತಿದೆ. ಈ ಸಲ ಸಂದಿ ಉಳಿಯಲಿಲ್ಲ.

ಬಲಗಡೆಯ ಹಳೆಯ ರಿಂಗನ್ನು ತೆಗೆದು ಕೆಳಗಿಡುವಾಗ ಬೆನ್ನ ಹಿಂದೆ ಚಪ್ಪಲಿ ಸದ್ದಾಯಿತು.

“ಇದೇನ ಮಿಸ್ತ್ರಿ? ನಮ್ಮ ತಂಗೆವ್ವನ್ನ ಕೂಡಿಸಿ ನೀವ್ ಸುಮ್ನ ಕುಂತೀರಿ?”

ಜ್ವರದ ನೆಪ ಹೇಳುತ್ತಾರೆಂದು ನಾನು ಅಂದುಕೊಂಡೆ. ಅವರು ಎದ್ದು ನಿಂತು, ಬಲಗೈಯನ್ನು ಮುಂದೆ ಚಾಚಿದರು. ಐದು ತಿಂಗಳು ಕಿಸೆಯಲ್ಲಿ, ಟವೆಲಿನ ಕೆಳಗೆ ಅಡಗಿಸಿದ ಕೈ ಬಯಲಲ್ಲಿ ತನ್ನಷ್ಟಕ್ಕೆ ನಡುಗುತ್ತಿತ್ತು.

“ಜ್ವರ ಅಲ್ರಿ ಕಾಕಾ. ಇದು ಹಿಂಗ ಆಗಿ ಭಾಳ ದಿನ ಆತು. ಕುಡಿಯೂದ ಅಲ್ಲ, ದೇವರಾಣಿ. ಏನಂತ ನನಗೂ ಗೊತ್ತಿಲ್ಲ.”

ನಾನೂ ಎದ್ದೆ. ತಡ ಮಾಡಿದರೆ ಬಾಯಿ ಬರುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದೆ: “ಕಾಕಾ, ಇಲ್ಲೆ ನನ್ನ ಕೈಯಿಂದ ಗೀರ ಬಿದ್ದೈತ್ರಿ.”

ಕಾಕಾ ಮೊದಲು ಗೀರನ್ನು ನೋಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಮುಖ ಕೆಂಪಾಯಿತು.

“ಮೊದಲ ಹೇಳಬೇಕಾಗಿತ್ತಲ್ಲೋ ಮಾರಾಯಾ! ನಂಬಿ ಬಿಟ್ಟ ಹೋದೆ ನಾ.”

“ತಪ್ಪಾತ್ರಿ,” ಎಂದರು ಇವರು.

“ಗೀರಿನ ಮಾತ ಬ್ಯಾರೆ. ಇಪ್ಪತ್ತ ವರ್ಷ ಆತು. ಕೈ ಹಿಂಗಾಗೇತಿ ಅಂತ ನನ್ನ ಮುಂದ ಹೇಳಾಕ ಬರಲಿಲ್ಲೇನ ನಿಮ್ಗ?”

ಇವರು ತಲೆ ತಗ್ಗಿಸಿದರು. ಬಲಗಡೆಯ ದೀಪ ರೆಪ್ಪೆ ಕಿತ್ತ ಕಣ್ಣಿನಂತೆ ಬೋಳಾಗಿ ನಿಂತಿತ್ತು. ಹಾಗೇ ಬಿಟ್ಟು ಕಾರು ಒಯ್ಯುತ್ತಾರೆ, ನಾಳೆ ಕುಡಚಿಯವರೆಗೂ ಸುದ್ದಿ ಹಬ್ಬುತ್ತದೆ ಎಂದು ನಾನು ನಿಂತಲ್ಲೇ ಲೆಕ್ಕ ಹಾಕುತ್ತಿದ್ದೆ. ಕಾಕಾ ಅಂಗಿಯ ತೋಳು ಮಡಚಿದರು.

“ನಾ ಮ್ಯಾಲ ಹಿಡೀತೀನಿ. ನೀ ಕೆಳಗ ಒತ್ತವಾ ತಂಗಿ. ಸಾವಕಾಶ.”

ಅವರು ಎರಡೂ ಹೆಬ್ಬೆರಳಿಂದ ಮೇಲಂಚನ್ನು ಒತ್ತಿ ಹಿಡಿದರು. ಅವರ ಬೆರಳೂ ಸ್ಥಿರವಾಗಿರಲಿಲ್ಲ. ಅದು ಸಿಟ್ಟೋ ವಯಸ್ಸೋ ತಿಳಿಯದು. ನನ್ನ ಗಂಡ “ಕೊಕ್ಕಿ ಬಿತ್ತು, ಈಗ ಒತ್ತು” ಎಂದರು. ಒತ್ತಿದೆ. ಟಪ್ ಎಂದಿತು. ಮೂವರೂ ಸಂದಿಗೆ ಕಣ್ಣಿಟ್ಟು ಸುತ್ತ ನೋಡಿದೆವು. ಸರಿ ಇತ್ತು.

ಹೋಗುವಾಗ ಕಾಕಾ ನಗಲಿಲ್ಲ. ಕಾರು ಚಾಲೂ ಮಾಡಿ, “ನಮ್ಮ ತಮ್ಮಗೂ ಹಿಂಗ ಆಗಿತ್ತು. ಮೀರಜಕ್ಕ ಹೋಗಿ ದೊಡ್ಡ ದವಾಖಾನ್ಯಾಗ ತೋರಸ್ರಿ. ತಡಾ ಮಾಡಬ್ಯಾಡ್ರಿ,” ಎಂದಷ್ಟೇ ಹೇಳಿದರು.

ಮುಂದಿನ ಸೋಮವಾರ ಮೀರಜಕ್ಕೆ ಹೋದೆವು. ನನ್ನ ಗಂಡ ಕಾಯುವ ಬೆಂಚಿನಲ್ಲಿ ನನ್ನ ಮುಂಗೈ ಹಿಡಿದು ಕುಳಿತಿದ್ದರು. ಡಾಕ್ಟರು ಕಾಗದದ ಮೇಲೆ ಸುರುಳಿ ಬರೆಯಲು ಹೇಳಿದರು, ನಡೆಸಿ ನೋಡಿದರು, ಹೆಸರು ಹೇಳಿ, ಇದು ನರಗಳ ರೋಗವೆಂದು ವಿವರಿಸಿದರು. ಪೂರ್ತಿ ಹೋಗುವಂಥದ್ದಲ್ಲ, ಗುಳಿಗೆಯಿಂದ ಹಿಡಿತದಲ್ಲಿಡಬಹುದು ಎಂದರು. ಬಸ್ಸಿನಲ್ಲಿ ಮರಳುವಾಗ ನಾನು ಅಳುತ್ತೇನೆಂದು ಅವರು ಹೆದರಿದ್ದರು. ಅವರು ಅಳುತ್ತಾರೆಂದು ನಾನು. ಕೃಷ್ಣೆಯ ಸೇತುವೆ ದಾಟುವಾಗ ಅವರು, “ನಾಳೆಯಿಂದ ನೀ ಹೊರಗ ಕುಂಡ್ರು. ನಾ ಕೌಂಟರ್ ನೋಡ್ಕೋತೀನಿ,” ಎಂದರು.

ಹಾಗೇ ಆಯಿತು. ಬಂದವರಿಗೆಲ್ಲ ಅವರು ತಾವೇ ಮೊದಲು ಹೇಳುತ್ತಾರೆ: “ನನ್ನ ಕೈ ನಡಗತೈತ್ರಿ, ಕೆಲಸ ಆಕೀ ಮಾಡ್ತಾಳ, ನಾ ಹೇಳ್ಕೊಡ್ತೀನಿ.” ಕೆಲವರು ಗಾಡಿ ತಿರುಗಿಸಿಕೊಂಡು ಹೋಗುತ್ತಾರೆ. ಕೆಲವರು ನಿಲ್ಲುತ್ತಾರೆ. ಹೊಸ ಬಣ್ಣದ ಗಾಡಿ ಬಂದು ನಿಂತರೆ ಈಗಲೂ ನನ್ನ ಬಾಯಿ ಒಣಗುತ್ತದೆ. ಒಳಗೆ ಹೋಗಿ ಒಂದು ಲೋಟ ನೀರು ಕುಡಿದೇ ಸ್ಕ್ರೂಡ್ರೈವರ್ ಹಿಡಿಯುತ್ತೇನೆ.