ಬೆಳ್ಳಿ ತುಂಬುವ ಅತ್ತಿಗೆ

ಅಣ್ಣನ ಮದುವೆ ಗೊತ್ತಾದಾಗ ನನ್ನ ಕಿವಿಗೆ ಬಿದ್ದದ್ದು ಇಷ್ಟೇ: ಹುಡುಗಿ ಕಾರ್ಖಾನೆಯಲ್ಲಿ ಬೆಳ್ಳಿ ತುಂಬುವ ಕೆಲಸದಲ್ಲಿದ್ದಾಳೆ. ಅಂದಮೇಲೆ ಅಕ್ಕಸಾಲಿಯೇ ಸರಿ ಎಂದು ತೀರ್ಮಾನಿಸಿ, ಅತ್ತಿಗೆ ಮನೆಗೆ ಬಂದ ವಾರದಲ್ಲೇ ಕೊಂಡಿ ಕಿತ್ತುಹೋದ ನನ್ನ ಬೆಳ್ಳಿ ಪದಕವನ್ನು ಅವರ ಮುಂದಿಟ್ಟೆ. ಭಾಷಣ ಸ್ಪರ್ಧೆಯಲ್ಲಿ ಎರಡನೇ ಸ್ಥಾನಕ್ಕೆ ಬಂದದ್ದು. ಸ್ಪರ್ಧಿಗಳು ಇಬ್ಬರೇ ಎಂಬುದನ್ನು ನಾನಾಗಿ ಯಾರಿಗೂ ಹೇಳುವುದಿಲ್ಲ.

ಅತ್ತಿಗೆ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಬೆಳ್ಳಿ ಅಲ್ಲಪ್ಪಾ, ತಗಡು. ನಾನೂ ಅಕ್ಕಸಾಲಿ ಅಲ್ಲ. ಅಲ್ಲಿಗಲ್ಲಿಗೆ ಸರಿಹೋಯ್ತು."

ಅವರ ಕೆಲಸವೇ ಬೇರೆ. ಅಣು ವಿದ್ಯುತ್ ಸ್ಥಾವರದಲ್ಲಿ ಬಳಸಿ ಮುಗಿಸಿದ ಇಂಧನವನ್ನು ಅವರ ಕಾರ್ಖಾನೆಯಲ್ಲಿ ಕರಗಿಸುತ್ತಾರೆ. ಆಗ ಏಳುವ ಅನಿಲದಲ್ಲಿ ವಿಕಿರಣ ಸೂಸುವ ಅಯೋಡಿನ್ ಇರುತ್ತದೆ. ಚಿಮಣಿಯಿಂದ ತಪ್ಪಿಸಿಕೊಂಡರೆ ಅದು ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಗಂಟಲಿನ ಗ್ರಂಥಿಗೆ ಸೇರುತ್ತದೆ. ಅದನ್ನು ಹಿಡಿಯಲು ಆಳೆತ್ತರದ ಉಕ್ಕಿನ ಪೀಪಾಯಿ, ಅದರ ತುಂಬ ಸಾಸಿವೆ ಗಾತ್ರದ ಹರಳು. ಒಂದೊಂದು ಹರಳಿನಲ್ಲೂ ಕಣ್ಣಿಗೆ ಕಾಣದ ಅಸಂಖ್ಯ ತೂತು, ತೂತಿನೊಳಗೆಲ್ಲ ಬೆಳ್ಳಿ. ಬೆಳ್ಳಿ ಸಿಕ್ಕಿತೆಂದರೆ ಅಯೋಡಿನ್ ನೆಂಟರ ಮನೆ ಸೇರಿದ ಹಾಗೆ, ಹೊರಡುವ ಮಾತೇ ಎತ್ತುವುದಿಲ್ಲ. ಆ ಹರಳು ತುಂಬುವವರು ನಮ್ಮ ಅತ್ತಿಗೆ.

ಸುರಿದರಾಯಿತಲ್ಲ ಎನ್ನಬೇಡಿ. ನಾನು ಹಾಗೆಂದು ಬೈಸಿಕೊಂಡಿದ್ದೇನೆ. ಎತ್ತರದಿಂದ, ತುಂತುರು ಮಳೆಯಂತೆ, ಒಂದೇ ಸಮನೆ ಉದುರಿಸಬೇಕು. ಅವಸರ ಮಾಡಿದರೆ ಹರಳು ಸಡಿಲವಾಗಿ ಕೂತು, ಆಮೇಲೆ ಕುಸಿದು ಸಂದು ಬಿಡುತ್ತದೆ. ಸಂದು ಸಿಕ್ಕ ಅನಿಲಕ್ಕೆ ಹರಳಿನ ಗೊಡವೆ ಏಕೆ? ಮನೆಯಲ್ಲಿ ಅತ್ತಿಗೆ ಸಕ್ಕರೆ ಡಬ್ಬಿ ತುಂಬುವುದೂ ಹೀಗೇ.

"ನಿನ್ನ ಸಕ್ಕರೆ ಇಳಿಯೋಷ್ಟರಲ್ಲಿ ನನ್ನ ಕಾಫಿ ಆರಿಹೋಗುತ್ತೆ ಮಾರಾಯ್ತಿ," ಎಂದು ಅಣ್ಣ ಗೊಣಗುತ್ತಾನೆ.

"ಆರಿದ್ದೇ ಕುಡೀರಿ. ನಾಲಗೆ ಸುಡಲ್ಲ."

ಅತ್ತಿಗೆ ತುಂಬಿದ ಪೀಪಾಯಿಯನ್ನು ಮತ್ತೆ ಖಾಲಿ ಮಾಡಿಸುವ ಪ್ರಸಂಗ ಒಮ್ಮೆಯೂ ಬಂದಿರಲಿಲ್ಲ. ಆ ಹೆಸರಿನ ಮೇಲೆಯೇ ಅವರನ್ನು ವಿಭಾಗದ ಮುಖ್ಯಸ್ಥೆ ಮಾಡುವ ಮಾತು ನಡೆದಿತ್ತು. ಅವರಿಗೂ ಆಸೆ ಇತ್ತು, ಮುಚ್ಚಿಟ್ಟಿರಲಿಲ್ಲ. ಅಷ್ಟರಲ್ಲಿ ಒಂದು ದಿನ, ಅತ್ತಿಗೆ ಪೀಪಾಯಿ ತುಂಬುತ್ತಿದ್ದಾಗಲೇ, ಕಾರ್ಖಾನೆಗೆ ಗಣ್ಯರು ಬಂದರು, ಜೊತೆಗೆ ಅವರಿಗಿಂತಲೂ ಗಣ್ಯನಾದ ಒಬ್ಬ ಫೋಟೋಗ್ರಾಫರ್.

"ಮೇಡಂ, ಇಷ್ಟು ಸಣ್ಣಗೆ ಬಿದ್ರೆ ಫೋಟೋದಲ್ಲಿ ಕಾಣೋದೇ ಇಲ್ಲ. ಸ್ವಲ್ಪ ಧಾರಾಳವಾಗಿ ಸುರೀರಿ!"

ಅತ್ತಿಗೆ ನಗುತ್ತ ಹರಳಿನ ಕೊನೆಯ ಡಬ್ಬವನ್ನು ಬಗ್ಗಿಸಿಯೇಬಿಟ್ಟರು.

ಸಂಜೆ ಸಕ್ಕರೆ ಡಬ್ಬಿಯ ಮುಂದೆ ನಿಂತಾಗ ಅವರ ಕೈ ತಡೆಯಿತು. ಬೇಕೆಂದೇ ಇಡೀ ಪೊಟ್ಟಣವನ್ನು ಒಮ್ಮೆಲೇ ಸುರಿದರು. ಡಬ್ಬಿ ಬಾಯಿತನಕ ತುಂಬಿತು. ಬೆರಳಿನಿಂದ ತಟ್ಟಿದರು. ಸಕ್ಕರೆ ಕೆಳಗಿಳಿಯಿತು. ಅಂದು ಅತ್ತಿಗೆಗೆ ಊಟ ಸೇರಲಿಲ್ಲ.

ಮರುದಿನ ಮೇಲಧಿಕಾರಿಯ ಎದುರು ನಿಂತರು. "ಸಾರ್, ಆ ಪೀಪಾಯಿ ಖಾಲಿ ಮಾಡಿಸ್ಬೇಕು. ನಾನು ಸರಿಯಾಗಿ ತುಂಬಿಲ್ಲ."

"ಪರೀಕ್ಷೇಲಿ ಪಾಸಾಗಬಹುದಲ್ಲಮ್ಮಾ?"

"ಇವತ್ತು ಆಗುತ್ತೆ. ತಿಂಗಳುಗಟ್ಟಲೆ ಗಾಳಿ ನೂಕಿದ ಮೇಲೆ ಕುಸಿಯುತ್ತಲ್ಲ, ಆಗ?"

ಅಧಿಕಾರಿ ಒಳ್ಳೆಯ ಮನುಷ್ಯ, ತಲೆ ಕೆರೆದುಕೊಂಡರು. "ಖಾಲಿ ಮಾಡಿಸಿದ್ರೆ ಕಾರಣ ಬರೀಬೇಕಾಗುತ್ತೆ. ಮುಖ್ಯಸ್ಥೆ ಹುದ್ದೆ ಈ ಸಲ ಕೈತಪ್ಪುತ್ತೆ, ನೋಡಿ."

"ಬರೀರಿ ಸಾರ್. ಫೋಟೋಗೆ ಹಲ್ಲು ಕಿರಿದಳು ಅಂತಲೇ ಬರೀರಿ."

ಪೀಪಾಯಿ ಖಾಲಿಯಾಯಿತು. ಅತ್ತಿಗೆ ಮೊದಲಿನಿಂದ ತುಂಬಿದರು, ತುಂತುರು ಮಳೆಯಂತೆ. ಅದೇ ಹರಳು ಈ ಸಲ ನಾಲ್ಕು ಬೆರಳು ಕೆಳಗೆ ನಿಂತಿತು. ಉಳಿದ ಜಾಗಕ್ಕೆ ಹೊಸ ಡಬ್ಬ ಒಡೆಯಬೇಕಾಯಿತು. ಹುದ್ದೆ ಜೊತೆಯವರಿಗೆ ಹೋಯಿತು. ಫೋಟೋವೇನೋ ಬಂತು: ಗಣ್ಯರ ಹೊಟ್ಟೆ ಸ್ಪಷ್ಟವಾಗಿತ್ತು, ಅತ್ತಿಗೆಯದು ಮೊಣಕೈ ಮಾತ್ರ.

ಊಟಕ್ಕೆ ಕೂತಾಗ ನನಗೆ ತಡೆಯಲಾಗಲಿಲ್ಲ. "ಅಲ್ಲ ಅತ್ತಿಗೆ, ಅಯೋಡಿನ್ ಒಳ್ಳೇದು ಅಂತ ಉಪ್ಪಿನ ಪೊಟ್ಟಣದ ಮೇಲೇ ಬರೆದಿದೆ. ಚೂರು ಹೊರಗೆ ಹೋಗಿದ್ರೆ ಊರಿಗೆಲ್ಲ ಪುಕ್ಕಟೆ ಟಾನಿಕ್ ಆಗ್ತಿರಲಿಲ್ವಾ? ಹುದ್ದೇನೂ ಸಿಗ್ತಿತ್ತು."

ಅತ್ತಿಗೆ ಉಪ್ಪಿನ ಬಟ್ಟಲನ್ನು ನನ್ನ ಕಡೆ ಸರಿಸಿದರು.

"ಒಲೆ ಬೆಂಕೀನೂ ಒಳ್ಳೇದೇ. ಜೇಬಲ್ಲಿ ಇಟ್ಕೊಂಡು ಓಡಾಡ್ತೀಯಾ? ಗಂಟಲಿನ ಗ್ರಂಥಿಗೆ ಆ ಅಯೋಡಿನ್ನೂ ಒಂದೇ, ಈ ಅಯೋಡಿನ್ನೂ ಒಂದೇ. ವ್ಯತ್ಯಾಸ ಗೊತ್ತಾಗಲ್ಲ, ನಿನ್ನ ಹಾಗೇ."