ದೊಡ್ಡವ್ವನ ಕೈಗುಣದ ಬೆಲೆ

ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಅಂದೋಲಾದ ಸುತ್ತಮುತ್ತ ಚಳಿಜ್ವರಕ್ಕೆ ಔಷಧ ಕೊಡುತ್ತಿದ್ದಳು. ನೆಲಬೇವು, ಅಮೃತಬಳ್ಳಿ, ಒಣಶುಂಠಿ ಜಜ್ಜಿ ಕುದಿಸಿದ ಕಷಾಯ. ಅದರ ಕಹಿ ನೆನೆದರೆ ಈಗಲೂ ನನ್ನ ಮುಖ ಸಿಂಡರಿಸುತ್ತದೆ. ಬೆಲೆ ಮಾತ್ರ ಏನೂ ಇರಲಿಲ್ಲ. ಔಷಧಕ್ಕೆ ಬದಲಾಗಿ ಏನು ತೆಗೆದುಕೊಂಡರೂ ಕೈಗುಣ ಹೋಗುತ್ತದೆ ಎಂದು, ಅವಳಿಗೆ ಕಲಿಸಿದ ಅತ್ತೆ ಕಟ್ಟಪ್ಪಣೆ ಮಾಡಿದ್ದಳು. ಕುಡಿದವರು ಬಟ್ಟಲು ಬೋರಲು ಹಾಕಿ, ಹೋಗಿ ಬರುತ್ತೇನೆ ಎಂದೂ ಹೇಳದೆ ಎದ್ದು ಹೋಗಬೇಕು. ಬರುತ್ತೇನೆ ಎಂದರೆ ಜ್ವರವೂ ಜೊತೆಗೆ ಬರುತ್ತದಂತೆ.

ಒಮ್ಮೆ ಗುಣವಾದ ರೈತನೊಬ್ಬ ತಡೆಯಲಾರದೆ ನಮ್ಮ ಕಟ್ಟೆಯ ಮೇಲೆ ಕುಂಬಳಕಾಯಿ ಇಟ್ಟು ಹೋದ. ದೊಡ್ಡವ್ವ ಅದನ್ನು ಹೊತ್ತುಕೊಂಡು ಅವನ ಮನೆಗೇ ಹೋಗಿ, "ಒಂದು ಕುಂಬಳಕಾಯಿಗಿ ನನ್ನ ಕೈ ಕೊಂಡ್ಕೋತೀ ಏನಲೇ?" ಎಂದು ಓಣಿಗೆಲ್ಲ ಕೇಳುವಂತೆ ಬೈದು ಬಂದಳು. ನನಗೆ ಕೆಟ್ಟ ಸಿಟ್ಟು ಬಂದಿತ್ತು. ಕುಂಬಳಕಾಯಿ ಪಲ್ಯ ಅಂದರೆ ನನಗೆ ಪ್ರಾಣ.

ಮಹಾಯುದ್ಧ ನಡೆದಿದ್ದ ಕಾಲ. ಮದುವೆಯಾಗಿ ಸರಸಂಬಾಕ್ಕೆ ಹೋಗಿದ್ದ ನಾನು ಪಂಚಮಿಗೆ ತವರಿಗೆ ಬಂದಿದ್ದೆ. ಅಪ್ಪ, ದೊಡ್ಡಪ್ಪ ಇಬ್ಬರೂ ತೀರಿಕೊಂಡು, ಅಕ್ಕತಂಗಿಯರಿಬ್ಬರೇ ಒಂದು ಮನೆಯಲ್ಲಿದ್ದರು. ನಾನು ಬಂದ ಮೂರನೆಯ ದಿನ ಅವ್ವನಿಗೆ ಚಳಿಜ್ವರ ಹಿಡಿಯಿತು. ದಿನ ಬಿಟ್ಟು ದಿನ ಬರುತ್ತಿತ್ತು. ನಾಲ್ಕು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ದೊಡ್ಡವ್ವ ಎಂಟು ದಿನ ಕಷಾಯ ಕುಡಿಸಿದಳು. ಒಂಬತ್ತನೆಯ ದಿನ ಅವ್ವ ನನ್ನ ಗುರುತು ಹಿಡಿಯಲಿಲ್ಲ. ದೊಡ್ಡವ್ವ ಬಟ್ಟಲು ಕೆಳಗಿಟ್ಟು, "ಇದು ನನ್ನ ಕಷಾಯಕ್ಕ ಬಗ್ಗೂ ಜ್ವರ ಅಲ್ಲ. ಕ್ವಿನೈನ್ ಬೇಕು" ಎಂದಳು.

ಆಮೇಲೆ ನಾನು ಎಷ್ಟೋ ವೈದ್ಯರನ್ನು ನೋಡಿದ್ದೇನೆ. ಔಷಧ ಹತ್ತದಿದ್ದರೆ ರೋಗಿಯ ಪಥ್ಯದ ಮೇಲೆ ತಪ್ಪು ಹೊರಿಸುತ್ತಾರೆ. ನನ್ನ ಕೈಲಿ ಆಗದು ಎಂದು ಅಷ್ಟು ಸರಳವಾಗಿ ಹೇಳಿದವಳು ಅವಳೊಬ್ಬಳೇ.

ಅವ್ವನ ಹತ್ತಿರ ನೆರೆಮನೆಯವಳನ್ನು ಕೂಡಿಸಿ, ಬಂಡಿ ಹೂಡಿಸಿಕೊಂಡು ಇಬ್ಬರೂ ಜೇವರ್ಗಿಗೆ ಹೋದೆವು. ದಾರಿಯಲ್ಲಿ ಯಾರಾದರೂ ಕೇಳಿದರೆ ಇರಲಿ ಎಂದು ದೊಡ್ಡವ್ವ ಎಂದಿನಂತೆ ಒಣಗಿದ ನೆಲಬೇವಿನ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಯುದ್ಧದ ದೆಸೆಯಿಂದ ಕ್ವಿನೈನ್ ಎಲ್ಲಿಯೂ ಇರಲಿಲ್ಲ. ಕೊನೆಗೆ ಬೇರು, ನಾರು, ಅತ್ತರು ಮಾರುವ ಒಬ್ಬ ಸಾಹೇಬರ ಅಂಗಡಿಯಲ್ಲಿ ಒಂದು ಶೀಶೆ ಕಂಡಿತು. ಅವರು ಹಿಂದೆ ಎರಡು ಸಲ ದೊಡ್ಡವ್ವನ ನೆಲಬೇವನ್ನು ಕೊಳ್ಳಲು ಕೇಳಿ, ಬೈಸಿಕೊಂಡವರು.

"ರೊಕ್ಕ ತಂದೇನ್ರಿ ಸಾಹೇಬರ, ಗುಳಿಗಿ ಕೊಡ್ರಿ" ಎಂದಳು ದೊಡ್ಡವ್ವ.

"ರೊಕ್ಕ ಹಿಡ್ಕೊಂಡು ದಿನಾ ಹತ್ತು ಮಂದಿ ಬರ್ತಾರ್ರಿ ಅವ್ವಾರ. ಇದು ನನ್ನ ಮಕ್ಕಳಿಗಿ ಅಂತ ಇಟ್ಟೇನಿ. ನಾಳಿ ಅವರಿಗಿ ಜ್ವರ ಬಂದ್ರ ರೊಕ್ಕ ಕುದಿಸಿ ಕುಡಸ್ಲೇನ್ರಿ?" ಎಂದು ಅವರು ಚೀಲದ ಕಡೆ ನೋಡಿದರು. "ಆ ನೆಲಬೇವು ಕೊಡ್ರಿ, ಶೀಶೆದಾಗಿನ ಅರ್ಧಾ ಗುಳಿಗಿ ಕೊಡ್ತೇನಿ. ನನ್ನ ಮನಿಗೂ ಆಗ್ತದ, ಬಂದವರಿಗೂ ಮಾರ್ತೇನಿ."

ಸಾಹೇಬರ ಮಾತಿನಲ್ಲಿ ತಪ್ಪೇನಿರಲಿಲ್ಲ. ನಾನು ಬಹಳ ಜಾಣೆಯಂತೆ ದೊಡ್ಡವ್ವನ ಕಿವಿಯಲ್ಲಿ, "ನೀ ದಾನ ಅಂತ ಕೊಡು. ಅವರೂ ದಾನ ಅಂತ ಕೊಡ್ಲಿ" ಎಂದೆ.

"ಯಾರ ಕಣ್ಣಿಗಿ ಮಣ್ಣು ಎರಚ್ತೀ ಬೇ? ಕೊಟ್ಟು ತಗೊಂಡ್ರ ಅದು ಮಾರಿದ್ಹಂಗ" ಎಂದು ನನ್ನನ್ನು ಗದರಿಸಿದಳು. ಆಮೇಲೆ ತನ್ನ ಬಲಗೈ ತಾನೇ ನೋಡಿಕೊಂಡಳು. ಚೀಲ ಬಿಚ್ಚಿ, ಒಂದು ಕಡ್ಡಿಯೂ ಉಳಿಯದಂತೆ ಅವರ ತಕ್ಕಡಿಗೆ ಸುರಿದಳು. ಸಾಹೇಬರು ಅರ್ಧಕ್ಕಿಂತ ಹೆಚ್ಚೇ ಗುಳಿಗೆ ಕೊಟ್ಟರು.

ಈಗ ಅದೇ ನೆಲಬೇವು ಪುಡಿಯಾಗಿ ಚೆಂದದ ಡಬ್ಬಿಯಲ್ಲಿ ಕೂತಿದೆ, ಗುಳಿಗೆಗಿಂತ ದುಬಾರಿ. ಡಬ್ಬಿ ಕಂಡಾಗೆಲ್ಲ, ದೊಡ್ಡವ್ವ ಇದ್ದಿದ್ದರೆ ಅಂಗಡಿಯವನಿಗೆ ಎಷ್ಟು ಮಂಗಳಾರತಿ ಎತ್ತುತ್ತಿದ್ದಳು ಎಂದು ನೆನೆದು ನಗುತ್ತೇನೆ.

ಅವ್ವ ಬದುಕಿದಳು. ಅವಳು ಎದ್ದು ಕೂಡುವಂತಾದ ಮೇಲೆ ಒಬ್ಬ ಹೆಂಗಸು ಜ್ವರದ ಕೂಸನ್ನು ಎತ್ತಿಕೊಂಡು ಬಂದಳು. ದೊಡ್ಡವ್ವ ಕಷಾಯ ಕುದಿಸಿ ಬಟ್ಟಲಿಗೆ ಬಗ್ಗಿಸಿದಳು, ಆದರೆ ಕೊಡಲಿಲ್ಲ. ಅವ್ವನನ್ನು ತನ್ನ ಮಣೆಯ ಮೇಲೆ ಕೂಡಿಸಿ, "ನನ್ನ ಕೈ ಮಾರಿ ಬಂದೇನಿ. ಇನ್ನ ನೀ ಕೊಡು" ಎಂದಳು. "ಒಲ್ಲೆ ಅಕ್ಕಾ, ಅದು ನಿನ್ನ ಕೆಲಸ" ಎಂದು ಅವ್ವ ಅತ್ತರೂ ಕೇಳಲಿಲ್ಲ.

ಅಂದಿನಿಂದ ಸೊಪ್ಪು ತರುವುದು, ಜಜ್ಜುವುದು, ಕುದಿಸುವುದು ದೊಡ್ಡವ್ವ, ಕೊಡುವುದು ಅವ್ವ. ಕೈಗುಣ ಎಂಬುದು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದೆ ಎಂದು ನಂಬಿದವಳು ಅದನ್ನೇ ತಂಗಿಗಾಗಿ ತಕ್ಕಡಿಗೆ ಹಾಕಿದಳಲ್ಲ, ಅದಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಮುಂದೆ ಒಂದು ಮಳೆಗಾಲ ದೊಡ್ಡವ್ವನಿಗೇ ಜ್ವರ ಬಂತು. ಅವ್ವ ಕೊಟ್ಟ ಕಷಾಯ ಕುಡಿದು, ಬಟ್ಟಲು ಬೋರಲು ಹಾಕಿ, ಎಲ್ಲ ರೋಗಿಗಳಂತೆ ಒಂದು ಮಾತೂ ಆಡದೆ ಎದ್ದು ಹೊರಗೆ ಹೋದಳು. ಮೂರನೆಯ ದಿನ ಜ್ವರ ಬಿಟ್ಟಿತು. ಆಗ ಒಳಗೆ ಬಂದು ಅವ್ವನ ಬಲಗೈ ಹಿಡಿದುಕೊಂಡಳು.

"ನೋಡಬೇ, ಕೈ ಎಲ್ಲೂ ಹೋಗಿಲ್ಲ. ಮನ್ಯಾಗೇ ಅದ" ಎಂದಳು.