ಎದೆಯ ಮೇಲಿನ ಬಾಣ

ಕೊಳಾಯಿ ರಿಪೇರಿ ಮಾಡುವ ಈತನನ್ನು ಬೀದಿಯವರು ಸಿಡುಕಪ್ಪ ಎಂದೇ ಕರೆಯುತ್ತಿದ್ದರು. ಕೆಲಸದಲ್ಲಿ ಎತ್ತಿದ ಕೈ, ನಾಲಿಗೆ ಮಾತ್ರ ಬೆಂಕಿ. ಕಟ್ಟಿಕೊಂಡ ಪೈಪಿಗೆ ಆಸಿಡ್ ಸುರಿದ ದಿನ ಕಂಬಿ ತೂರಿಸಿ ಕೆದಕುತ್ತಿರಲಿಲ್ಲ. ಎರಡೂ ಒಟ್ಟಿಗೆ ಬಿದ್ದರೆ ಪೈಪೇ ಹಾಳು ಎಂಬುದು ಅವನ ಮೂವತ್ತು ವರ್ಷದ ನೇಮ. ಅರ್ಧಕ್ಕೇ ಸಾಕೆನ್ನುವ ಗಿರಾಕಿಗಳಿಗಂತೂ ಮುಖ ಮೂತಿ ನೋಡದೆ ಬೈಯುತ್ತಿದ್ದ: "ಅರ್ಧಕ್ಕೆ ಬಿಟ್ರೆ ಮೊದಲಿಗಿಂತ ಗಟ್ಟಿಯಾಗಿ ಕಟ್ಕೊಳ್ಳುತ್ತೆ. ಆಮೇಲೆ ನನ್ನ ಹತ್ರ ಬರಬೇಡಿ."

ಕೊನೆಗೆ ಅವನ ಅನ್ನನಾಳವೇ ಕಟ್ಟಿಕೊಂಡಿತು. ಕ್ಯಾನ್ಸರ್, ಅದೂ ಬಹಳ ಮುಂದುವರಿದದ್ದು. ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ವಾರಕ್ಕೊಮ್ಮೆ ಕೀಮೋ ಡ್ರಿಪ್, ಅದರ ಜೊತೆಗೇ ದಿನಾ ರೇಡಿಯೇಷನ್, ಐದು ವಾರ, ಬಿಡದೆ ಬಂದರೆ ಗಡ್ಡೆ ಕರಗುವ ಭರವಸೆ ಇದೆ ಎಂದರು ಡಾಕ್ಟರಮ್ಮ. ಎರಡೂ ಒಟ್ಟಿಗೆ ಎಂದದ್ದಕ್ಕೇ ಅವನಿಗೆ ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆ ಓದಿ ಬಂದವಳು ತನಗೆ ಪೈಪಿನ ಪಾಠ ಹೇಳುವುದೆ? ಮೊದಲ ವಾರ ಹಲ್ಲು ಕಚ್ಚಿಕೊಂಡು ಹೋದ. ಆಮೇಲೆ ಡ್ರಿಪ್ ಮಾತ್ರ ಹಾಕಿಸಿಕೊಂಡು, ಉಳಿದ ದಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಮನೆಗೆ ಬರತೊಡಗಿದ. ರೇಡಿಯೇಷನ್ನಿಗೆ ಯಾಕೆ ಬರಲಿಲ್ಲ ಎಂದು ಕೇಳಿದ ನರ್ಸಿಗೆ ಭೇದಿ ಎಂದು ಸುಳ್ಳು ಹೇಳಿದ. ಆಸ್ಪತ್ರೆಯ ಫೋನ್ ಎತ್ತಲಿಲ್ಲ.

ಕಿರಣ ಬೀಳುವ ಜಾಗಕ್ಕೆಂದು ಎದೆಯ ಮೇಲೆ ನೇರಳೆ ಗೆರೆ ಎಳೆದು, ಅಳಿಸಬೇಡಿ ಎಂದಿದ್ದರು. ಅದು ಬೆವರಿಗೆ ಮಾಸಿದಾಗ ಹೆಂಡತಿಗೆ ಗೊತ್ತಾಗದಿರಲೆಂದು ತನ್ನ ಮಾರ್ಕರಿನಿಂದ ತಾನೇ ತಿದ್ದಿಕೊಂಡ. ಎಡವಿದ್ದು ಅಲ್ಲೇ. ಪೈಪ್ ಕತ್ತರಿಸುವ ಕಡೆ ಗೆರೆಯ ತುದಿಗೊಂದು ಪುಟ್ಟ ಬಾಣ ಹಾಕುವುದು ಅವನ ಕೈಗೆ ಅಂಟಿದ ಚಾಳಿ. ಮನೆಯ ಗೋಡೆಗಳ ಮೇಲೆಲ್ಲ ಅದೇ ಬಾಣ. ಅಂಗಿ ಬದಲಿಸುವಾಗ ಅದು ಅವಳ ಕಣ್ಣಿಗೆ ಬಿತ್ತು.

"ಇದು ನಿಮ್ಮ ಕೈಬರಹ," ಎಂದಳು. "ಎಷ್ಟು ದಿನದಿಂದ ಹೋಗಿಲ್ಲ?"

"ಎರಡು ವಾರ. ನನ್ನ ಮೈ, ನನ್ನಿಷ್ಟ."

"ದಿನಾ ಮೂರು ಹೊತ್ತು ಗಂಜಿ ಸೋಸ್ತೀನಲ್ಲ, ಅದು ಯಾರಿಷ್ಟ?"

ಅವಳ ಮುಖದಲ್ಲಿ ಕನಿಕರಕ್ಕಾಗಿ ಹುಡುಕಿದ. ಸಿಟ್ಟು ಬಿಟ್ಟು ಬೇರೇನೂ ಇರಲಿಲ್ಲ. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಎಳೆದುಕೊಂಡೇ ಹೋದಳು.

ಡಾಕ್ಟರಮ್ಮ ಹೊಸ ಸ್ಕ್ಯಾನ್ ನೋಡಿ ಹೇಳಿದರು. "ಡ್ರಿಪ್ಪಿಂದ ಗಡ್ಡೆ ಸೋತಿರುವಾಗಲೇ ಕಿರಣ ಬೀಳಬೇಕು. ಅದಕ್ಕೇ ಎರಡೂ ಒಟ್ಟಿಗೆ ಅಂದಿದ್ದು. ಈಗ ಗಡ್ಡೆ ಬೆಳೆದಿದೆ. ಮತ್ತೆ ಶುರು ಮಾಡೋಣ, ಆದ್ರೆ ಅವತ್ತು ಕೊಟ್ಟ ಭರವಸೆ ಇವತ್ತು ಕೊಡೋಕಾಗಲ್ಲ."

"ಯಾಕಾಗಲ್ಲ?" ಎಂದು ಗದರಿದ.

ಉತ್ತರ ಕೊಟ್ಟವಳು ಹೆಂಡತಿ. "ಅರ್ಧಕ್ಕೆ ಬಿಟ್ರೆ ಮೊದಲಿಗಿಂತ ಗಟ್ಟಿಯಾಗಿ ಕಟ್ಕೊಳ್ಳುತ್ತೆ," ಎಂದಳು, ಥೇಟ್ ಅವನದೇ ದನಿಯಲ್ಲಿ.

ಬೈಯಲು ಬಾಯಿ ತೆರೆದ. ಅದಕ್ಕೆ ಮೊದಲು ಉಗುಳು ನುಂಗಲು ನೋಡಿದ. ಅದೂ ಇಳಿಯಲಿಲ್ಲ.